ಬಾಯಿ ಮುಚ್ಚದ ಕೊಕ್ಕರೆ

ಶ್ರೀರಂಗಪಟ್ಟಣಕ್ಕೆ ಹೋದವರು ಸಾಮಾನ್ಯವಾಗಿ ಮೊದಲು ರಂಗನಾಥಸ್ವಾಮಿಯ ದರ್ಶನ ಮುಗಿಸುತ್ತಾರೆ. ಅನಂತರ ದರಿಯಾ ದೌಲತ್ತು, ಗುಂಬಜು, ಸಂಗಮ. ಹೊತ್ತು ಉಳಿದಿದ್ದರೆ, ಮಕ್ಕಳ ಕಾಲು ಇನ್ನೂ ಸೋತಿಲ್ಲದಿದ್ದರೆ, ಕಡೆಯಲ್ಲಿ ರಂಗನತಿಟ್ಟು. ಈ ಅನುಕ್ರಮವನ್ನು ಒಂದು ಸಲ ತಲೆಕೆಳಗು ಮಾಡಿ ನೋಡಬೇಕು. ಬೆಳಗಿನ ಬಿಸಿಲು ಇನ್ನೂ ಎಳೆಯದಾಗಿರುವಾಗಲೇ ದೋಣಿಗಟ್ಟೆಗೆ ಇಳಿದವನಿಗೆ ಕಾವೇರಿ ಬೇರೆಯೇ ಮುಖವನ್ನು ತೋರಿಸುತ್ತಾಳೆ. ನೀರಿನ ಮೇಲೆ ತೆಳುವಾದ ಮಂಜು. ಅದರಾಚೆ ಬಿದಿರು ಮೆಳೆಗಳ ನಡುಗಡ್ಡೆಗಳು. ಬಂಡೆಯ ಮೇಲೆ ಬಂಡೆಯೇ ಆಗಿ ಮಲಗಿರುವ ಮೊಸಳೆ. ಮರಮರಕ್ಕೂ ನೇತುಬಿದ್ದ ಗೂಡುಗಳಿಂದ ಏಳುವ ಗದ್ದಲ.

17ನೆಯ ಶತಮಾನದಲ್ಲಿ ಮೈಸೂರಿನ ಅರಸರು ಇಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆ ಹಾಕಿಸಿದಾಗ ನೀರು ಹರಡಿ ಉಳಿದ ತಿಟ್ಟುಗಳು ಇವು. ಹಕ್ಕಿಗಳಿಗೆಂದು ಯಾರೂ ಇವನ್ನು ನಿರ್ಮಿಸಲಿಲ್ಲ. ಹಕ್ಕಿಗಳು ತಾವಾಗಿಯೇ ಬಂದು ಒಕ್ಕಲಾದವು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರು ಈ ಸ್ಥಳದ ಮಹತ್ವವನ್ನು ಕಂಡು, ಇದನ್ನು ಪಕ್ಷಿಧಾಮವೆಂದು ಘೋಷಿಸಬೇಕೆಂದು ಮೈಸೂರು ಒಡೆಯರ ಮನವೊಲಿಸಿದರು. 2022ರಲ್ಲಿ ರಂಗನತಿಟ್ಟು ರಾಮ್ಸಾರ್ ಒಪ್ಪಂದದ ಜೌಗುನೆಲಗಳ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಆ ಪಟ್ಟಿಗೆ ಸೇರಿದ ಮೊದಲನೆಯ ತಾಣ ಇದು. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ನೀರು ಬಿಟ್ಟಾಗ ದೋಣಿ ನಿಲ್ಲುತ್ತದೆ, ತಿಟ್ಟುಗಳು ಮುಳುಗುತ್ತವೆ. ಆಗ ಹೋದವರಿಗೆ ದಡದಲ್ಲಿ ನಿಂತು ಕೆಂಪು ನೀರು ನೋಡುವ ಭಾಗ್ಯ ಮಾತ್ರ.

ದೋಣಿ ಹೊರಟ ಐದು ನಿಮಿಷಕ್ಕೆ ಯಾರಿಗಾದರೂ ಒಂದು ಸಂಗತಿ ಹೊಳೆಯದೆ ಇರದು: ಇಲ್ಲಿ ಎಷ್ಟು ಹಕ್ಕಿಗಳಿವೆಯೋ ಅಷ್ಟು ಬಗೆಯ ಕೊಕ್ಕುಗಳಿವೆ. ಚಮಚದಂತೆ ಚಪ್ಪಟೆಯಾದ ಕೊಕ್ಕು ಒಂದರದು. ಕುಡುಗೋಲಿನಂತೆ ಬಾಗಿದ ಕೊಕ್ಕು ಕೆಂಬರಲಿನದು. ಭರ್ಜಿಯಂತೆ ನೇರವಾದುದು ಹಾವಕ್ಕಿಯದು. ಹಳದಿ ಬಣ್ಣದ ನೀಳವಾದ ಕೊಕ್ಕು ಬಣ್ಣದ ಕೊಕ್ಕರೆಯದು. ಇವುಗಳ ನಡುವೆ ಬೂದು ಬೆರೆತ ಬಿಳಿ ಮೈ, ಕಪ್ಪು ರೆಕ್ಕೆಯ ಒಂದು ಕೊಕ್ಕರೆ ಗಂಭೀರವಾಗಿ ನಿಂತಿರುತ್ತದೆ. ಅದರ ಕೊಕ್ಕಿನ ಬುಡ ಕೂಡಿದೆ, ತುದಿ ಕೂಡಿದೆ, ನಡುವೆ ಮಾತ್ರ ಸಂದು. ಪಕ್ಕದಿಂದ ನೋಡಿದರೆ ಆ ಸಂದಿನಲ್ಲಿ ಆಚೆಯ ಬೆಳಕು ಕಾಣುತ್ತದೆ. ಕನ್ನಡದಲ್ಲಿ ಇದಕ್ಕೆ ಬಾಯ್ಕಳಕ ಎಂದು ಹೆಸರು. ಶಾಸ್ತ್ರೀಯ ನಾಮ ಅನಸ್ಟೋಮಸ್ ಆಸಿಟಾನ್ಸ್. ಆ ಎರಡನೆಯ ಶಬ್ದಕ್ಕೆ ಲ್ಯಾಟಿನ್ನಿನಲ್ಲಿ ಆಕಳಿಸುವುದು ಎಂದು ಅರ್ಥ.

ದೋಣಿಯಲ್ಲಿ ಮಕ್ಕಳಿದ್ದರೆ ಪ್ರಶ್ನೆ ಬಂದೇ ಬರುತ್ತದೆ: "ಅಪ್ಪಾ, ಅದರ ಬಾಯಿ ಯಾಕೆ ಮುಚ್ಚೋದಿಲ್ಲ?" ಉತ್ತರವೂ ಸಿದ್ಧವಾಗಿರುತ್ತದೆ: "ಅದು ಬಸವನಹುಳು ತಿನ್ನುತ್ತಪ್ಪ. ಚಿಪ್ಪು ಸಿಕ್ಕಿಸಿಕೊಂಡು ಒಡೆಯೋದಕ್ಕೆ ಆ ಸಂದು." ಮಗುವಿಗೆ ಸಮಾಧಾನವಾಗುತ್ತದೆ; ತಂದೆಗೂ ಆಗುತ್ತದೆ. ಬಾಯ್ಕಳಕದ ಮುಖ್ಯ ಆಹಾರ ಬಸವನಹುಳುವೆಂಬುದು ನಿಜ. ಚಿಪ್ಪು ಗುಂಡಗಿದೆ, ಜಾರುತ್ತದೆ, ಕೊಕ್ಕಿನಲ್ಲಿ ಹಳ್ಳವಿದೆ. ಬೀಗಕ್ಕೆ ಕೀಲಿಕೈ ಕೂಡಿದ ಹಾಗೆ. ಇನ್ನೇನು ಬೇಕು?

ಜೀವವಿಜ್ಞಾನಿಗೆ ಇನ್ನೂ ಬೇಕು. ಅವನ ಕಸುಬಿನ ಕಷ್ಟವೇ ಇಲ್ಲಿಂದ ಆರಂಭವಾಗುತ್ತದೆ. ಒಂದು ಅಂಗ ಒಂದು ಕೆಲಸಕ್ಕೆ ಒದಗುತ್ತದೆ ಎಂಬುದು ಒಂದು ಮಾತು; ಆ ಕೆಲಸಕ್ಕೆ ಒದಗಿದುದರಿಂದಲೇ, ತಲೆಮಾರುಗಳ ಆಯ್ಕೆಯಲ್ಲಿ ಉಳಿದು ಬೆಳೆದು ಆ ರೂಪಕ್ಕೆ ಬಂತು ಎಂಬುದು ಬೇರೆಯೇ ಮಾತು. ಎರಡನೆಯದನ್ನು ಮಾತ್ರ ವಿಕಾಸವಾದಿಗಳು ಹೊಂದಾಣಿಕೆ ಎಂದು ಕರೆಯುತ್ತಾರೆ. ಮೂಗಿನ ಮೇಲೆ ಕನ್ನಡಕ ಚೆನ್ನಾಗಿ ಕೂಡುತ್ತದೆ. ಆದುದರಿಂದ ಮೂಗು ಕನ್ನಡಕಕ್ಕಾಗಿ ಹುಟ್ಟಿತೆಂದು ಯಾರೂ ಹೇಳುವುದಿಲ್ಲ. ಕೊಕ್ಕರೆಯ ವಿಷಯದಲ್ಲಿ ಅದೇ ತಪ್ಪನ್ನು ಮಾಡುತ್ತಿಲ್ಲವೆಂದು ತಿಳಿಯುವುದು ಹೇಗೆ?

ಈ ಸಂದಿನ ಕಥೆಯನ್ನು ಹಿಡಿದು ಕುಳಿತವರು ಸಾಮಾನ್ಯರಲ್ಲ. ಮದರಾಸು ಸೈನ್ಯದ ವೈದ್ಯನಾಗಿದ್ದ ಥಾಮಸ್ ಜೆರ್ಡನ್, 19ನೆಯ ಶತಮಾನದಲ್ಲಿಯೇ, ಬಾಯ್ಕಳಕವು ಕಣ್ಣು ಕಟ್ಟಿದರೂ ಬಸವನಹುಳುವನ್ನು ಹಿಡಿಯಬಲ್ಲುದೆಂದು ಬರೆದಿಟ್ಟ. ಎಂದರೆ ಈ ಹಕ್ಕಿ ಕಣ್ಣಿನಿಂದಲ್ಲ, ಕೊಕ್ಕಿನ ಸ್ಪರ್ಶದಿಂದಲೇ ಕೆಲಸ ನಡೆಸಬಲ್ಲುದು. ಆಮೇಲೆ ಬಂದವರು ಜೂಲಿಯನ್ ಹಕ್ಸ್ಲಿ: ಯುನೆಸ್ಕೋ ಸಂಸ್ಥೆಯ ಮೊದಲನೆಯ ಮಹಾನಿರ್ದೇಶಕರು, ವಿಕಾಸವಾದದ ದಿಗ್ಗಜರಲ್ಲೊಬ್ಬರು. ಅವರು 1960ರಲ್ಲಿ ಈ ಹಕ್ಕಿಯ ತೆರೆದ ಬಾಯಿಯ ಉದ್ದೇಶವೇನೆಂಬ ಒಂದೇ ಪ್ರಶ್ನೆಗೆ ದೀರ್ಘವಾದ ಪ್ರಬಂಧವನ್ನು ಮೀಸಲಿಟ್ಟರು. ಸಂಗ್ರಹಾಲಯದ ಮಾದರಿಗಳನ್ನೂ ಹಿಂದಿನವರ ಬರಹಗಳನ್ನೂ ಪರಿಶೀಲಿಸಿ ಅವರು ಕೊಟ್ಟ ತೀರ್ಪು ದೋಣಿಯಲ್ಲಿ ಕುಳಿತ ತಂದೆಯ ಉತ್ತರಕ್ಕೆ ಬಹು ಹತ್ತಿರವಾಗಿತ್ತು: ಈ ಕೊಕ್ಕು ಒಂದು ಬಗೆಯ ಅಡಕತ್ತರಿ. ಕೊಕ್ಕಿನ ಅಂಚುಗಳು ತರಕಲಾಗಿರುವುದು ಚಿಪ್ಪು ಒಡೆದೊಡೆದು ಸವೆದ ಗುರುತು.

ಅಡಕತ್ತರಿಯ ಹೋಲಿಕೆ ಎಷ್ಟು ಅಂದವಾಗಿದೆಯೆಂದರೆ, ಅದನ್ನು ಒಪ್ಪದಿರಲು ಮನಸ್ಸೇ ಬರುವುದಿಲ್ಲ. ಆದರೆ ಹೋಲಿಕೆಯ ಅಂದ ಸಾಕ್ಷಿಯಾಗುವುದಿಲ್ಲ. ಬಗ್ಗಡದ ನೀರಿನಲ್ಲಿ ನಿಂತ ಜೀವಂತ ಹಕ್ಕಿ ಏನು ಮಾಡುತ್ತದೆಂದು ನೋಡಬೇಕಾಗಿತ್ತು. ಅದನ್ನು ಮಾಡಿದವನು ಫಿಲಿಪ್ ಕಾಲ್ ಎಂಬ ಅಮೆರಿಕದ ಪಕ್ಷಿತಜ್ಞ. ಪ್ರಪಂಚದ ಕೊಕ್ಕರೆಗಳ ಬೆನ್ನು ಹತ್ತಿ ವರ್ಷಗಟ್ಟಲೆ ಅಲೆದವನು. 1971ರಲ್ಲಿ ಅವನು ಬಾಯ್ಕಳಕಗಳ ಊಟದ ಕ್ರಮವನ್ನು ಪ್ರಕಟಿಸಿದ. ಹಕ್ಕಿ ಕೊಕ್ಕಿನ ತುದಿಯನ್ನು ಸ್ವಲ್ಪವೇ ತೆರೆದು, ತಲೆ ಕತ್ತುಗಳನ್ನು ನೀರಿನಲ್ಲಿ ಅರ್ಧ ಅದ್ದಿ, ಕೆಸರನ್ನು ಮೇಲಿಂದ ಕೆಳಕ್ಕೆ ಚುಚ್ಚುತ್ತ ನಡೆಯುತ್ತದೆ. ಹುಳು ಸಿಕ್ಕಿತೆ? ಮೇಲ್ಗೊಕ್ಕಿನ ತುದಿಯಿಂದ ಚಿಪ್ಪನ್ನು ನೆಲಕ್ಕೆ ಅದುಮಿ ಹಿಡಿಯುತ್ತದೆ. ಕೆಳಗೊಕ್ಕಿನ ತುದಿಯನ್ನು ಚಿಪ್ಪಿನ ಬಾಯೊಳಕ್ಕೆ ತೂರಿಸಿ, ಹುಳುವನ್ನು ಚಿಪ್ಪಿಗೆ ಕಟ್ಟಿರುವ ಸ್ನಾಯುವನ್ನು ಕತ್ತರಿಸಿ, ಮೆತ್ತನೆಯ ಮೈಯನ್ನು ಹೊರಕ್ಕೆ ಎಳೆಯುತ್ತದೆ. ಇಷ್ಟೆಲ್ಲ ಶಸ್ತ್ರಚಿಕಿತ್ಸೆ ನಡೆಯುವುದು ನೀರಿನೊಳಗೆ. ಚಿಕ್ಕ ಹುಳುವಾದರೆ ನುಂಗಿಯೇ ಬಿಡುತ್ತದೆ. ಕೆಲಸ ಮಾಡುವುದೆಲ್ಲ ತುದಿ. ಆ ಪ್ರಸಿದ್ಧವಾದ ಸಂದಿನಲ್ಲಿ ಚಿಪ್ಪನ್ನು ಸಿಕ್ಕಿಸಿ ಅಮುಕುವ ಕ್ರಮವೇ ಇಲ್ಲ!

ಇದಕ್ಕಿಂತ ಬಲವಾದ ಸಾಕ್ಷಿ ಮರಿಗಳದು. ಬಾಯ್ಕಳಕದ ಮರಿ ಹುಟ್ಟುವಾಗ ಅದರ ಕೊಕ್ಕು ಬೇರೆ ಕೊಕ್ಕರೆಯದರಂತೆ ನೇರವಾಗಿ ಮುಚ್ಚಿಕೊಂಡಿರುತ್ತದೆ. ಸಂದು ಬರುವುದು ವಯಸ್ಸಾದಂತೆ. ಸಂದಿಲ್ಲದ ಎಳೆಯ ಹಕ್ಕಿಗಳೂ ಬಸವನಹುಳುವನ್ನು ಬಿಡಿಸಿ ತಿಂದು ಬದುಕುತ್ತವೆ. ಹೀಗಿರುವಾಗ ಸಂದು ಇದ್ದರೇನೇ ಊಟ ಎಂಬ ವಾದ ನಿಲ್ಲುವುದೆಲ್ಲಿ? ರಂಗನತಿಟ್ಟಿನಲ್ಲಿ ಗೂಡು ಬಿಟ್ಟ ಮರಿಗಳಿರುವ ಕಾಲದಲ್ಲಿ ಹೋದವರು ದುರ್ಬೀನು ಹಿಡಿದು ಇದನ್ನು ತಾವೇ ನೋಡಿಕೊಳ್ಳಬಹುದು: ಮುದಿಯನ ಬಾಯಲ್ಲಿ ಬೆಳಕು, ಮರಿಯ ಬಾಯಲ್ಲಿ ಇಲ್ಲ.

ಹಕ್ಸ್ಲಿಯವರ ಸವೆತದ ಮಾತೂ ಬಹಳ ಕಾಲ ಉಳಿಯಲಿಲ್ಲ. ಅಂಚಿನ ತರಕಲು ಸವೆದು ಉಂಟಾದುದಲ್ಲ, ಬೆಳೆದು ಬಂದುದು. ಸಣ್ಣ ಕುಂಚದಂತೆ ಒತ್ತಾಗಿ ನಿಂತ ಎಳೆಗಳ ರಚನೆ. 1993ರಲ್ಲಿ ಕೆನ್ನೆತ್ ಗಾಸ್ನರ್ ಎಂಬಾತ ಇಂಥ ಕುಂಚದಂಚು ಬೇರೆ ಕೆಲವು ಪಕ್ಷಿಕುಲಗಳಲ್ಲಿಯೂ ಇರುವುದನ್ನು ಎತ್ತಿ ತೋರಿಸಿ, ಗಟ್ಟಿಯಾದ ಜಾರುವ ಬೇಟೆಯನ್ನು ಹಿಡಿಯಲು ಇದು ಒದಗುವುದೆಂದು ಸೂಚಿಸಿದ. ಹೀಗೆ ಒಂದು ವಿವರಣೆ ಬಿದ್ದಲ್ಲಿ ಇನ್ನೊಂದು ಎದ್ದಿತು. ಅದನ್ನೂ ಪರೀಕ್ಷೆಗೆ ಒಡ್ಡಬೇಕೆಂಬುದೇ ಈ ವಿದ್ಯೆಯ ಸ್ವಾರಸ್ಯ.

ಶ್ರೀರಂಗಪಟ್ಟಣದಿಂದ ಪಾಂಡವಪುರದ ಕಡೆಗೆ ಹೊರಟರೆ ದಾರಿಯ ಎರಡೂ ಬದಿಯಲ್ಲಿ ನಾಲೆಯ ನೀರು ಕುಡಿದ ಬತ್ತ, ಕಬ್ಬು. ನಾಟಿ ಮಾಡಿದ ಗದ್ದೆಯಲ್ಲಿ ಬಾಯ್ಕಳಕ ಕಂಡುಬಂದರೆ ಆಶ್ಚರ್ಯವಿಲ್ಲ. ಗೂಡು ತಿಟ್ಟಿನಲ್ಲಿ, ಅಡುಗೆಮನೆ ರೈತನ ಗದ್ದೆಯಲ್ಲಿ. ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂದು ಹೆಸರು. ಹೈದರ್, ಟೀಪುಗಳ ಪಕ್ಷದ ಫ್ರೆಂಚ್ ಸಿಪಾಯಿಗಳು ಇಲ್ಲಿ ಬೀಡುಬಿಟ್ಟಿದ್ದುದರಿಂದ ಇಂಗ್ಲಿಷರು ಇದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಊರಿಗೆ ಕಾವಲು ನಿಂತಂತಿರುವ ಕುಂತಿಬೆಟ್ಟದ ಬಂಡೆಗಳನ್ನು ನೋಡಿದರೆ ಆ ಹೆಸರಿನ ಅರ್ಧವಾದರೂ ಸಾರ್ಥಕವೆನ್ನಿಸುತ್ತದೆ. ವನವಾಸದ ಪಾಂಡವರು ತಾಯಿ ಕುಂತಿಯೊಡನೆ ಇಲ್ಲಿದ್ದರೆಂದು ಸ್ಥಳಪುರಾಣ.

ಬೆಟ್ಟ ಹತ್ತುವವನು ಏದುಸಿರು ಬಿಡುತ್ತ ನಿಂತಾಗ ಕಾಯ್ದ ಬಂಡೆಯ ಮೇಲೆ ತಲೆಯಾಡಿಸುವ ಓತಿಕೇತನನ್ನು ಕಾಣಬಹುದು. ದಕ್ಷಿಣ ಭಾರತದ ಕಲ್ಲುಬೆಟ್ಟಗಳ ನಿವಾಸಿ ಇದು. ಹೆಣ್ಣು ಕಲ್ಲಿನ ಬಣ್ಣದ ಸಾಧು; ಗಂಡಾದರೋ ಬೆದೆಗಾಲದಲ್ಲಿ ಬೆನ್ನಿಗೆ ಕೆಂಪು, ಪಕ್ಕಕ್ಕೆ ಕಪ್ಪು ಬಳಿದುಕೊಂಡು ಬಯಲಾಟದ ವೇಷದಂತೆ ಮೆರೆಯುತ್ತದೆ. ಮೇಲೆ ಹದ್ದು ಹಾರುವ ತೆರೆದ ಬಂಡೆಯಲ್ಲಿ ಇಂಥ ವೇಷ ಕಟ್ಟುವುದು ಪ್ರಾಣಕ್ಕೆ ಎರವು. ಅದಕ್ಕೆ ಪ್ರತಿಯಾಗಿ ದೊರೆಯುವುದೇನು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮರಿಯಾ ಠಾಕರ್ ಮತ್ತು ಅವರ ಶಿಷ್ಯವರ್ಗದವರು ಈ ಓತಿಯನ್ನೇ ಹಿಡಿದು ವರ್ಷಗಳಿಂದ ಅಭ್ಯಾಸ ನಡೆಸಿದ್ದಾರೆ. ಗಂಡಿನ ಬಣ್ಣ ಸ್ಥಿರವಾದುದಲ್ಲ, ನೋಡನೋಡುತ್ತಿದ್ದಂತೆ ಬದಲಾಗುತ್ತದೆ. ಒಮ್ಮೆ ಹೆಣ್ಣನ್ನೂ ಇನ್ನೊಮ್ಮೆ ಎದುರಾಳಿ ಗಂಡನ್ನೂ ಎದುರಿಗಿರಿಸಿದಾಗ ಅದು ತೋರುವ ಬಣ್ಣಗಳೇ ಬೇರೆಬೇರೆ ಎಂದು ಇವರು 2017ರಲ್ಲಿ ಪ್ರಕಟಿಸಿದರು. ಒಲಿಸುವಾಗ ಮುಖ್ಯವಾದುದು ಬಣ್ಣಗಳ ಎದ್ದುಕಾಣುವಿಕೆ. ಹೋರಾಟದಲ್ಲಿ ಮುಖ್ಯವಾದುದು ಬದಲಾಯಿಸುವ ವೇಗ. ಗಮನಿಸಬೇಕಾದುದು ಇಲ್ಲಿಯ ಕ್ರಮವನ್ನು. ಬಣ್ಣ ಸುಂದರವಾಗಿದೆ, ಆದ್ದರಿಂದ ಹೆಣ್ಣಿಗಾಗಿಯೇ ಇರಬೇಕು ಎಂದು ಹೇಳಿ ಇವರು ಕೈತೊಳೆದುಕೊಳ್ಳಲಿಲ್ಲ. ಸಂದರ್ಭ ಬದಲಿಸಿ, ಬಣ್ಣ ಬದಲಾಗುವುದೋ ಎಂದು ಕಾದು, ಅಳೆದು ನೋಡಿದರು. ಶತ್ರುಭಯ ಎಷ್ಟೆಂದು ತಿಳಿಯಲು ಈ ವಿದ್ಯೆಯಲ್ಲಿ ಇನ್ನೊಂದು ಸುಲಭೋಪಾಯವೂ ಉಂಟು: ಮೆತ್ತನೆಯ ಜೇಡಿಯಲ್ಲಿ ಗೊಂಬೆಗಳನ್ನು ಮಾಡಿ, ಕೆಲವಕ್ಕೆ ಢಾಳವಾದ ಬಣ್ಣ, ಕೆಲವಕ್ಕೆ ಕಲ್ಲುಬಣ್ಣ ಹಚ್ಚಿ ಬಯಲಿನಲ್ಲಿ ಇಟ್ಟುಬರುವುದು. ಹಕ್ಕಿ ಕುಕ್ಕಿದರೆ ಜೇಡಿಯ ಮೇಲೆ ಗುರುತು ಉಳಿಯುತ್ತದೆ. ಸಂಜೆ ಹೋಗಿ ಪೆಟ್ಟುಗಳನ್ನು ಎಣಿಸಿಕೊಂಡು ಬಂದರಾಯಿತು.

ಇಂಥ ಸರಳವಾದ, ಆದರೆ ಮೋಸಕ್ಕೆ ಎಡೆಗೊಡದ ಪರೀಕ್ಷೆಗಳಿಗೆ ಮೇಲ್ಪಂಕ್ತಿ ಹಾಕಿದವರಲ್ಲಿ ನಿಕೋ ಟಿನ್‌ಬರ್ಗನ್ ಪ್ರಮುಖರು. ಕಡಲಹಕ್ಕಿಯ ಒಂದು ಜಾತಿ ಮರಿಯಾದೊಡನೆ ಒಡೆದ ಮೊಟ್ಟೆಯ ಚಿಪ್ಪನ್ನು ಕಚ್ಚಿ ದೂರ ಎಸೆದು ಬರುತ್ತದೆ. ಮರಿಯನ್ನು ಬಿಟ್ಟು ಹೋಗುವ ಅಪಾಯವಿದ್ದರೂ ಈ ಕೆಲಸವೇಕೆ? ಅವರು ಮೊಟ್ಟೆಗಳನ್ನು ನೆಲದಲ್ಲಿ ಹರಡಿ, ಕೆಲವುಗಳ ಹತ್ತಿರ, ಕೆಲವುಗಳಿಗೆ ದೂರ ಒಡೆದ ಚಿಪ್ಪುಗಳನ್ನು ಇರಿಸಿದರು. ಚಿಪ್ಪು ಹತ್ತಿರವಿದ್ದಷ್ಟೂ ಕಾಗೆಗಳ ಕೈಗೆ ಮೊಟ್ಟೆ ಹೆಚ್ಚು ಸಿಕ್ಕಿತು. ಚಿಪ್ಪಿನ ಒಳಗಿನ ಬಿಳುಪು ಕಳ್ಳನಿಗೆ ದಾರಿದೀಪ. 1962ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ ಬೇಕಾದುದು ಮೊಟ್ಟೆ, ಚಿಪ್ಪು, ಮತ್ತು ಅಪಾರವಾದ ತಾಳ್ಮೆ.

ಪಾಂಡವಪುರದಿಂದ ಪಶ್ಚಿಮೋತ್ತರವಾಗಿ ಹೋದರೆ ಕೃಷ್ಣರಾಜಪೇಟೆ, ಹಿಂದಿನ ಅತ್ತಿಗುಪ್ಪೆ. ಹೇಮಾವತಿಯ ನೀರು, ಹೇಮಗಿರಿಯ ಕಟ್ಟೆ, ಅಲ್ಲಿಯ ದನಗಳ ಜಾತ್ರೆ ಇವು ತಾಲ್ಲೂಕಿನ ಸಿರಿ. ಪ್ರಾಣಿಶಾಸ್ತ್ರದ ಪ್ರಶ್ನೆ ಹಿಡಿದು ಹೊರಟ ಪ್ರವಾಸಿ ಇಲ್ಲಿ ದನದ ಜಾತ್ರೆಗೆ ಹೋಗುತ್ತಾನೆಂದು ಊಹಿಸುವುದು ಸಹಜ. ಆದರೆ ಅವನು ಹೋಗಬೇಕಾದುದು ಪೇಟೆಗೆ ಕೂಗಳತೆಯಲ್ಲಿರುವ ಹೊಸಹೊಳಲಿಗೆ, 13ನೆಯ ಶತಮಾನದ ಲಕ್ಷ್ಮೀನಾರಾಯಣನ ಗುಡಿಗೆ.

ನಕ್ಷತ್ರಾಕಾರದ ಜಗತಿ, ಅದರ ಮೇಲೆ ಆನೆ, ಕುದುರೆ, ಮಕರ, ಹಂಸಗಳ ಸಾಲು, ರಾಮಾಯಣ ಭಾರತಗಳ ಕಥೆ. ಇದನ್ನೆಲ್ಲ ಹೊರಗಿನಿಂದ ನೋಡಿ ತಣಿದು ಒಳಗೆ ಬಂದವನು ಕಡೆದ ಕಂಬಗಳ ನಡುವೆ ನಿಂತು ಕತ್ತೆತ್ತಿ ಸೂರನ್ನು ನೋಡಬೇಕು. ಹೊಯ್ಸಳರ ಸ್ಥಪತಿಗೆ ಇದ್ದ ತೊಡಕು ಇಷ್ಟು: ನಾಲ್ಕು ಕಂಬ, ನಾಲ್ಕು ತೊಲೆ, ನಡುವೆ ಚೌಕಾಕಾರದ ಬಯಲು, ಅದನ್ನು ಕಲ್ಲಿನಿಂದ ಮುಚ್ಚಬೇಕು. ಒಂದು ಉಪಾಯವೆಂದರೆ ನಾಲ್ಕು ಮೂಲೆಗಳಿಗೂ ತ್ರಿಕೋನಾಕಾರದ ಚಪ್ಪಡಿ ಹೇರಿ ಚೌಕವನ್ನು ಕಿರಿದು ಮಾಡುವುದು, ಅದರ ಮೇಲೆ ಮತ್ತೆ ಹಾಗೆಯೇ. ಹೀಗೆ ಏರುತ್ತ ಹೋಗಿ ನಡುವೆ ಕಮಲದ ಮೊಗ್ಗು ಇಳಿಬಿಡುವುದು. ಈ ಉಪಾಯದಲ್ಲಿ ಮೂಲೆಗಳಲ್ಲಿ ತ್ರಿಕೋನಗಳು ಉಳಿದೇ ಉಳಿಯುತ್ತವೆ. ಶಿಲ್ಪಿ ಅವನ್ನು ಬರಿದೆ ಬಿಡುವವನಲ್ಲ. ಬಳ್ಳಿಯನ್ನೋ ಸಿಂಹಮುಖವನ್ನೋ ಅಲ್ಲಿಗೆ ಸರಿಯಾಗಿ ಕೂಡುವಂತೆ ಕೆತ್ತಿಬಿಡುತ್ತಾನೆ. ಮುಂದೆ ಬಂದ ನೋಟಕ, ಆ ಸಿಂಹಮುಖಕ್ಕಾಗಿಯೇ ತ್ರಿಕೋನವನ್ನು ಮಾಡಿದರೆಂದು ಹೇಳಿದರೆ? ಕೆಲಸ ತಿರುವುಮುರುವಾಗುತ್ತದೆ. ತ್ರಿಕೋನ ಬಂದುದು ಸೂರು ಹೊದಿಸುವ ಕಟ್ಟುಪಾಡಿನಿಂದ. ಸಿಂಹ ಆಮೇಲೆ ಬಂದ ಬಾಡಿಗೆದಾರ.

ಇದೇ ಮಾತನ್ನು ವೆನಿಸ್ ನಗರದ ಸೇಂಟ್ ಮಾರ್ಕನ ಇಗರ್ಜಿಯ ಗುಮ್ಮಟಗಳನ್ನು ತೋರಿಸಿ ಸ್ಟೀಫನ್ ಜೇ ಗೌಲ್ಡ್ ಮತ್ತು ರಿಚರ್ಡ್ ಲೆವೊಂಟಿನ್ ಎಂಬ ಅಮೆರಿಕದ ವಿದ್ವಾಂಸರು 1979ರಲ್ಲಿ ಹೇಳಿದರು. ಜೀವಿಯ ಪ್ರತಿಯೊಂದು ಅಂಗಕ್ಕೂ ಒಂದೊಂದು ಉದ್ದೇಶ ಕಟ್ಟಿ ಕಥೆ ಹೆಣೆಯುವ ಚಾಳಿಯನ್ನು ಅವರು ಕಟುವಾಗಿ ಖಂಡಿಸಿದರು. ಕೆಲವು ಲಕ್ಷಣಗಳು ಆಯ್ಕೆಯಿಂದ ಬಂದವಲ್ಲ. ಬೇರೊಂದರ ಜೊತೆಗೆ ತಾವೂ ಬಂದವು, ಮೂಲೆಯ ತ್ರಿಕೋನದಂತೆ. ರಕ್ತ ಕೆಂಪಗಿರುವುದು ನೋಡಲು ಚೆನ್ನಾಗಿರಲೆಂದಲ್ಲ. ಆಮ್ಲಜನಕವನ್ನು ಹೊರುವ ವಸ್ತುವಿನ ಬಣ್ಣವೇ ಅದು.

ಈ ಜಗಳದ ಬಿಸಿ ಹಕ್ಕಿಗಳಿಗೆ ಮಾತ್ರ ತಾಗಿದ್ದರೆ ಇಷ್ಟು ಗದ್ದಲವಾಗುತ್ತಿರಲಿಲ್ಲ. ಗಂಡಸಿನ ಸಿಟ್ಟು ಬೇಟೆಗಾಲದ ಬಳುವಳಿ, ಹೆಂಗಸಿನ ತಾಳ್ಮೆ ಪ್ರಕೃತಿಯೇ ಮಾಡಿಟ್ಟ ಹೊಂದಾಣಿಕೆ, ಬಡವನ ಬಡತನಕ್ಕೆ ಅವನ ಹುಟ್ಟುಗುಣವೇ ಮೂಲ ಎಂದು ಹೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಊಟದ ಮನೆಯಲ್ಲಿ ಸೊಸೆ ಕಡೆಯಲ್ಲಿ ಉಣ್ಣುವುದಕ್ಕೂ ಯಾರಾದರೂ ಒಂದು ವಿಕಾಸಕಾರಣ ಹುಡುಕಿಯಾರು. ಕೊಕ್ಕರೆಯ ಬಾಯಿಯಂಥ ಕಣ್ಣಿಗೆ ಕಾಣುವ ವಸ್ತುವಿನಲ್ಲಿಯೇ ಹಕ್ಸ್ಲಿಯಂಥವರ ಊಹೆ ನಿಲ್ಲದಿದ್ದಾಗ, ಮನುಷ್ಯನ ನಡತೆಯ ಮೇಲೆ ಪರೀಕ್ಷೆಯಿಲ್ಲದೆ ಹೇಳಿದ ಕಥೆಗೆ ಎಷ್ಟು ಬೆಲೆ ಕಟ್ಟಬೇಕೆಂಬುದನ್ನು ಓದುಗರೇ ನಿರ್ಣಯಿಸಲಿ.

ಹಾಗಾದರೆ ಬಾಯ್ಕಳಕದ ಸಂದೂ ಒಂದು ಮೂಲೆಯ ತ್ರಿಕೋನವೆ? ಹಾಗೆಂದು ಹೇಳುವುದು ಪ್ರಲೋಭನೆಯುಳ್ಳ ಮಾತೇ. ಆದರೆ ಇದನ್ನೂ ವಿಚಾರಣೆಗೆ ಒಳಪಡಿಸಬೇಕು. ಇಲ್ಲಿ ಒದಗುವುದು ಬಂಧುಬಳಗದ ಹೋಲಿಕೆ. ಆಫ್ರಿಕದಲ್ಲಿ ಇನ್ನೊಂದು ಬಾಯ್ಕಳಕವಿದೆ, ಕಪ್ಪು ಮೈಯದು. ಅದೂ ಬಸವನಹುಳು ತಿನ್ನುತ್ತದೆ, ಅದರ ಕೊಕ್ಕಿನಲ್ಲಿಯೂ ಸಂದಿದೆ. ಇಬ್ಬರು ಸಾಕ್ಷಿಗಳಾದರಲ್ಲ ಎಂದು ಹಿಗ್ಗುವಂತಿಲ್ಲ. ಇಬ್ಬರೂ ಒಂದೇ ಮನೆಯವರು. ಒಬ್ಬ ಪೂರ್ವಜನಿಂದ ಬಂದ ಸೊತ್ತನ್ನು ಇಬ್ಬರೂ ಇಟ್ಟುಕೊಂಡಿರಬಹುದು. ಇಬ್ಬರ ಸಾಕ್ಷಿಯನ್ನೂ ಇಲ್ಲಿ ಒಂದೆಂದೇ ಎಣಿಸಬೇಕು. ಬೇಕಾದುದು ಸಂಬಂಧವಿಲ್ಲದ ಮೂರನೆಯವನ ಮಾತು.

ಆ ಮೂರನೆಯವನು ಅಮೆರಿಕ ಖಂಡದ ಜೌಗುಗಳಲ್ಲಿದ್ದಾನೆ. ಲಿಂಪ್ಕಿನ್ ಎಂಬ ಆ ಹಕ್ಕಿ ಕೊಕ್ಕರೆಯ ಕುಲದ್ದಲ್ಲ. ಅದರ ನೆಂಟಸ್ತಿಕೆ ಸಾರಸಗಳೊಡನೆ. ಊಟ ಮಾತ್ರ ಇದೇ ಜಾತಿಯ ದಪ್ಪ ಬಸವನಹುಳು. ಅದರ ಕೊಕ್ಕನ್ನು ಕೈಯಲ್ಲಿ ಹಿಡಿದು ನೋಡಿದವರು ಬೆರಗಾದರು: ತುದಿ ಕೂಡುತ್ತದೆ, ತುದಿಗೆ ತುಸು ಹಿಂದೆ ಸಂದಿದೆ! ಅಡಕತ್ತರಿಯಂತೆ ಅಲ್ಲ, ಚಿಮಟದಂತೆ. ಅಷ್ಟೇ ಅಲ್ಲ, ಅನೇಕ ಲಿಂಪ್ಕಿನ್‌ಗಳ ಕೊಕ್ಕಿನ ತುದಿ ಬಲಕ್ಕೆ ಬಾಗಿದೆ. ಅವು ತಿನ್ನುವ ಹುಳುಗಳ ಚಿಪ್ಪಿನ ಸುರುಳಿಯೂ ಬಲಕ್ಕೆ. ಇತ್ತ ಮಂಡ್ಯದ ಗದ್ದೆಯ ಬಾಯ್ಕಳಕದ ಕೆಳಗೊಕ್ಕಿನ ತುದಿಯೂ ಬಹುಮಟ್ಟಿಗೆ ಬಲಕ್ಕೇ ತಿರುಚಿಕೊಂಡಿರುತ್ತದೆ, ನಮ್ಮ ಗದ್ದೆಯ ಬಸವನಹುಳುವಿನ ಸುರುಳಿಯೂ ಬಲಮುರಿ. ಸಾಗರಗಳಾಚೆ, ಬೇರೆ ಕುಲದಲ್ಲಿ, ಒಂದೇ ಊಟಕ್ಕೆ ಒಂದೇ ಬಗೆಯ ಉಪಕರಣ ಎರಡು ಸಲ ಒದಗಿಬಂದಿತೆಂದ ಮೇಲೆ ಆಕಸ್ಮಿಕವೆನ್ನುವುದು ಕಷ್ಟ. ಸಂದಿರುವುದರಿಂದ ತುದಿಗಳು ಹೆಚ್ಚಿನ ಓರೆಯಲ್ಲಿ ಎದುರುಬದುರಾಗಿ, ಚಿಪ್ಪಿನ ಮೇಲೆ ಬಲ ಹೆಚ್ಚು ಬೀಳುತ್ತದೆಂಬುದು ಒಂದು ಊಹೆ. ಮರಿಗಳು ಸಂದಿಲ್ಲದೆಯೂ ತಿನ್ನುತ್ತವೆ, ನಿಜ. ಆದರೆ ಅಷ್ಟೇ ಬೇಗ, ಅಷ್ಟೇ ದೊಡ್ಡ ಹುಳುವನ್ನು ತಿನ್ನುತ್ತವೆಯೆ? ಕೇಳಬೇಕಾದ ಪ್ರಶ್ನೆ ಈಗ ಇದು. ಕೈಗಡಿಯಾರ ಹಿಡಿದು ಗದ್ದೆಯ ಬದುವಿನಲ್ಲಿ ಕುಳಿತ ಕಾಲೇಜು ವಿದ್ಯಾರ್ಥಿಯೂ ಇದರಲ್ಲಿ ಕೈಯಾಡಿಸಬಹುದು.

ಕೃಷ್ಣರಾಜಪೇಟೆಯಿಂದ ನಾಗಮಂಗಲಕ್ಕೆ ಬರುವಷ್ಟರಲ್ಲಿ ನಾಲೆಯ ಹಸಿರು ಹಿಂದುಳಿದು, ಕುರುಚಲು ಮತ್ತು ರಾಗಿಯ ಹೊಲಗಳ ನೆಲ ಎದುರಾಗುತ್ತದೆ. ಊರಿನ ಸೌಮ್ಯಕೇಶವನಿಗೆ ಕೈಮುಗಿದು ಉತ್ತರಕ್ಕೆ ನಡೆದರೆ ಆದಿಚುಂಚನಗಿರಿ. ಕಾಲಭೈರವನ ಕ್ಷೇತ್ರವೆಂದು ಯಾತ್ರಿಕರಿಗೆ ಪರಿಚಿತವಾದ ಈ ಬೆಟ್ಟ, ನವಿಲುಗಳ ರಕ್ಷಿತ ಧಾಮವೂ ಹೌದು. ನವಿಲನ್ನು 1963ರಲ್ಲಿ ರಾಷ್ಟ್ರಪಕ್ಷಿಯೆಂದು ಆರಿಸಿದ್ದು ಎಲ್ಲರಿಗೂ ಗೊತ್ತು. ಅದೇ ನವಿಲಿನ ಗರಿ ಡಾರ್ವಿನ್ನನ ನಿದ್ರೆ ಕೆಡಿಸಿದ್ದು ಅಷ್ಟಾಗಿ ಗೊತ್ತಿಲ್ಲ. 1860ರಲ್ಲಿ ಮಿತ್ರನೊಬ್ಬನಿಗೆ ಬರೆದ ಪತ್ರದಲ್ಲಿ ಅವನು, ನವಿಲುಗರಿಯನ್ನು ಕಂಡಾಗಲೆಲ್ಲ ತನಗೆ ಸಂಕಟವಾಗುತ್ತದೆಂದು ತೋಡಿಕೊಂಡಿದ್ದ. ಬದುಕಲು ನೆರವಾಗದ ಈ ಭಾರ ಹೇಗೆ ಉಳಿದುಬಂತು? ಹೆಣ್ಣೇ ಆರಿಸಿ ಆರಿಸಿ ಉಳಿಸಿತೆಂಬುದು 1871ರಲ್ಲಿ ಅವನು ವಿಸ್ತಾರವಾಗಿ ಕೊಟ್ಟ ಉತ್ತರ.

ಉತ್ತರ ಬಂದು ನೂರು ವರ್ಷ ಕಳೆದ ಮೇಲೆ ಕತ್ತರಿ ಹಿಡಿದು ಪರೀಕ್ಷಿಸುವ ಕಾಲ ಬಂತು. 1982ರಲ್ಲಿ ಮಾಲ್ಟೆ ಆಂಡರ್ಸನ್ ಎಂಬ ಸ್ವೀಡನ್ನಿನ ವಿಜ್ಞಾನಿ ಕೀನ್ಯಾ ದೇಶದ ಒಂದು ಉದ್ದಬಾಲದ ಹಕ್ಕಿಯ ಬಾಲಗಳನ್ನು ಕತ್ತರಿಸಿ, ಕೆಲವಕ್ಕೆ ಗಿಡ್ಡ ಮಾಡಿ, ಕೆಲವಕ್ಕೆ ಅಂಟು ಹಾಕಿ ಉದ್ದ ಮಾಡಿದ. ಇನ್ನು ಕೆಲವಕ್ಕೆ ಕತ್ತರಿಸಿದ ಅದೇ ಬಾಲವನ್ನು ಅಳತೆ ಬದಲಿಸದೆ ಮತ್ತೆ ಅಂಟಿಸಿದ. ಈ ಕಡೆಯದು ವ್ಯರ್ಥವಾದ ಆಟವೆಂದು ತೋರಬಹುದು. ವಾಸ್ತವವಾಗಿ ಪ್ರಯೋಗದ ಜೀವವೇ ಅದು. ಕತ್ತರಿಯಿಂದಲೋ ಅಂಟಿನಿಂದಲೋ ಹಕ್ಕಿಗೆ ತೊಂದರೆಯಾಗಿದ್ದರೆ ಇವುಗಳಲ್ಲಿ ಅದು ಬಯಲಾಗಬೇಕು. ಫಲ ಸ್ಪಷ್ಟವಾಗಿತ್ತು: ಉದ್ದವಾದ ಬಾಲದವನ ಸೀಮೆಯಲ್ಲಿ ಹೆಣ್ಣುಗಳ ಗೂಡು ಹೆಚ್ಚು.

ನವಿಲಿನ ಸರದಿ ಮೇರಿಯನ್ ಪೆಟ್ರಿಯವರದು. ಇಂಗ್ಲೆಂಡಿನ ಉದ್ಯಾನವೊಂದರ ನವಿಲುಗಳಲ್ಲಿ ಗರಿಗಣ್ಣು ಹೆಚ್ಚಿರುವ ಗಂಡಿಗೆ ಹೆಚ್ಚು ಹೆಣ್ಣುಗಳು ಒಲಿಯುವುದನ್ನು ಅವರು 1991ರಲ್ಲಿ ತೋರಿಸಿದರು. 1994ರಲ್ಲಿ ಕೆಲವು ಗಂಡುಗಳ ಗರಿಗಣ್ಣುಗಳನ್ನು 20ರಷ್ಟು ಕತ್ತರಿಸಿ ತೆಗೆದಾಗ ಅವುಗಳ ಅದೃಷ್ಟ ಇಳಿದುದನ್ನೂ ತೋರಿಸಿದರು. ಪ್ರಶ್ನೆ ಮುಗಿಯಿತೆನ್ನುವಷ್ಟರಲ್ಲಿ ಜಪಾನಿನಿಂದ ಅಪಸ್ವರ ಬಂತು. ಅಲ್ಲಿ 7 ವರ್ಷ ನವಿಲುಗಳನ್ನು ನೋಡಿದ ತಾಕಹಾಶಿ ಮತ್ತು ಸಂಗಡಿಗರು, ಹೆಣ್ಣು ಗರಿಯನ್ನು ನೋಡಿ ಆರಿಸುತ್ತದೆಂಬುದಕ್ಕೆ ಆಧಾರವೇ ದೊರೆಯಲಿಲ್ಲವೆಂದು 2008ರಲ್ಲಿ ಪ್ರಕಟಿಸಿದರು. 2011ರಲ್ಲಿ ಕೆನಡದ ಇಬ್ಬರು ಸಂಧಾನದ ದಾರಿ ಹುಡುಕಿದರು: ಸಾಧಾರಣ ನವಿಲುಗಳ ನಡುವಣ ಹೆಚ್ಚುಕಡಮೆಯನ್ನು ಹೆಣ್ಣು ಲೆಕ್ಕಿಸುವುದಿಲ್ಲ, ಕಣ್ಣುಗಳು ತೀರ ಕಡಮೆಯಾದ ಗಂಡನ್ನು ಮಾತ್ರ ತಳ್ಳಿಬಿಡುತ್ತದೆ.

ಭಾರದ ಮಾತಾದರೂ ನಿಜವೆ? ಅದನ್ನೂ ಅಳೆದವರುಂಟು. 2014ರಲ್ಲಿ ಗ್ರಹಾಂ ಆಸ್ಕ್ಯೂ ಎಂಬವರು ನವಿಲುಗಳು ನೆಲಬಿಟ್ಟು ಹಾರುವುದನ್ನು ಚಿತ್ರೀಕರಿಸಿ, ಅನಂತರ ಅವೇ ನವಿಲುಗಳ ಗರಿ ತೆಗೆದು ಮತ್ತೆ ಹಾರಿಸಿ ನೋಡಿದರು. ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಡಾರ್ವಿನ್ನನ ಸಂಕಟದ ಅರ್ಧ ಭಾಗಕ್ಕೆ ಬಹುಶಃ ಕಾರಣವೇ ಇರಲಿಲ್ಲ!

ಆದಿಚುಂಚನಗಿರಿಯ ಕುರುಚಲಿನಲ್ಲಿ ಮಳೆಯ ಮೊದಲ ಮೋಡಕ್ಕೆ ಗಂಡು ನವಿಲು ಗರಿಗೆದರಿದಾಗ ಪಕ್ಕದಲ್ಲಿ ಕಾಳು ಹೆಕ್ಕುತ್ತಿರುವ ಹೆಣ್ಣು ಹಲವು ವೇಳೆ ತಲೆ ಎತ್ತುವುದೂ ಇಲ್ಲ. ಅದು ಏನನ್ನು ನೋಡುತ್ತದೆಂದು ತಿಳಿಯಲು ಜೆಸ್ಸಿಕಾ ಯಾರ್ಜಿನ್ಸ್ಕಿ ಎಂಬ ಅಮೆರಿಕದ ವಿಜ್ಞಾನಿ ಹೆಣ್ಣು ನವಿಲುಗಳ ತಲೆಗೆ ಕಣ್ಣಿನ ಚಲನೆಯನ್ನು ಹಿಡಿಯುವ ಪುಟ್ಟ ಕ್ಯಾಮರಾಗಳನ್ನು ಕಟ್ಟಿ, 2013ರಲ್ಲಿ ಫಲವನ್ನು ಪ್ರಕಟಿಸಿದರು. ಹತ್ತಿರ ನಿಂತ ಹೆಣ್ಣು ನೋಡುವುದು ಬಹುಮಟ್ಟಿಗೆ ಗರಿಯ ಕೆಳಗಿನ ಅಂಚನ್ನು, ಗಂಡಿನ ಕಾಲುಗಳನ್ನು. ನೆತ್ತಿಯ ಮೇಲೆ ಬೆಳಗುವ ಆ ಕಣ್ಣುಗಳ ಕಡೆಗೆ ದೃಷ್ಟಿ ಹರಿಯುವುದು ಅಪರೂಪ. ನಡುವೆ ಎತ್ತರದ ಹುಲ್ಲು ಬೆಳೆದಿದ್ದರೆ ಮಾತ್ರ ಸಂಗತಿ ಬೇರೆ: ಗಂಡಿನ ಮೈಯೆಲ್ಲ ಹುಲ್ಲಿನಲ್ಲಿ ಮರೆಯಾದಾಗ ಮೇಲೆದ್ದು ಕಾಣುವುದು ಗರಿಯ ಮೇಲಂಚು ಒಂದೇ, ದೂರದಲ್ಲಿರುವ ಹೆಣ್ಣು ಆಗ ಆ ಕಡೆಗೆ ಕಣ್ಣೆತ್ತುತ್ತದೆ.